ಎಂಟು ವರ್ಷ ಉಳಿದ ಹಳೇ ಪಾತ್: ಲಿನಕ್ಸ್ ಟ್ರೇಸಿಂಗ್ ಡಾಕ್ಯುಮೆಂಟೇಶನ್‌ನ ಒಂದು ಪ್ರಕರಣ

ಲಿನಕ್ಸ್ ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಟ್ರೇಸಿಂಗ್ ಫೈಲುಗಳ, ಅಂದರೆ ಕರ್ನಲ್ ಒಳಗೆ ಏನು ನಡೆಯುತ್ತಿದೆ ಅಂತ ನೋಡುವ ಫೈಲುಗಳ, ಪಾತ್ (ಫೈಲಿನ ವಿಳಾಸ) 2015ರಲ್ಲೇ ಬದಲಾಯಿತು. ಮೊದಲು /ಸಿಸ್/ಕರ್ನಲ್/ಡೀಬಗ್/ಟ್ರೇಸಿಂಗ್ ಅಂತ ಇತ್ತು, ಆಮೇಲೆ /ಸಿಸ್/ಕರ್ನಲ್/ಟ್ರೇಸಿಂಗ್ ಆಯಿತು. ನಡುವಿನ ಒಂದು ಪದ ಹೋಯಿತು, ಅಷ್ಟೇ. ಆದರೆ ಕರ್ನಲ್ ಜೊತೆಗೇ ಬರುವ ಡಾಕ್ಯುಮೆಂಟೇಶನ್, ಸೋರ್ಸ್ ಕೋಡಿನ ಕಾಮೆಂಟುಗಳು, ಕಾನ್ಫಿಗ್ ಮೆನುವಿನ ಸಹಾಯದ ಸಾಲುಗಳು, ಇವುಗಳಲ್ಲಿ ಬಹಳಷ್ಟು ಕಡೆ ಹಳೇ ಪಾತ್ 2023ರ ತನಕ ಹಾಗೇ ಕೂತಿತ್ತು. ಆ ವರ್ಷ ಸಾಲಾಗಿ ಪ್ಯಾಚುಗಳು (ಕೋಡಿನ ತಿದ್ದುಪಡಿಗಳು) ಬಂದು ಅದರಲ್ಲಿ ಬಹುಪಾಲನ್ನು ಸರಿ ಮಾಡಿದವು. ಹೊರಗಿನಿಂದ ನೋಡಿದರೆ ಹುಡುಕು, ಬದಲಿಸು, ಕಳಿಸು ಅನ್ನುವಷ್ಟು ಸಣ್ಣ ಕೆಲಸ. ಒಳಗೆ ಇಳಿದು ನೋಡಿದರೆ ಹಾಗಿಲ್ಲ. ಇಂಥ ಕೆಲಸ ಹೊಸಬರಿಗೆ ಕರ್ನಲ್ ಒಳಗೆ ಕಾಲಿಡಲು ಒಳ್ಳೆಯ ಬಾಗಿಲು ಅಂತ ಎಲ್ಲರೂ ಹೇಳುತ್ತಾರೆ, ನಿಜವೇ. ಆದರೆ ಯಾಕೆ ಒಳ್ಳೆಯದು, ಎಲ್ಲೆಲ್ಲಿ ಎಡವಬಹುದು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಫೈಲುಗಳ ಹಿಂದಿರುವ ಎಫ್‌ಟ್ರೇಸ್ ಬಗ್ಗೆ ಎರಡು ಮಾತು. ಕರ್ನಲ್ ಓಡುತ್ತಿರುವಾಗ ಯಾವ ಫಂಕ್ಷನ್ ಯಾವುದನ್ನು ಕರೆಯಿತು, ಎಲ್ಲಿ ತಡವಾಯಿತು, ಯಾವ ಘಟನೆ ಯಾವಾಗ ನಡೆಯಿತು ಅಂತ ನೋಡಲು ಇರುವ ವ್ಯವಸ್ಥೆ ಇದು. ಸ್ಟೀವನ್ ರೋಸ್ಟೆಡ್ ಬರೆದದ್ದು. 2008ರಲ್ಲಿ, 2.6.27 ಆವೃತ್ತಿಯಲ್ಲಿ ಕರ್ನಲ್‌ಗೆ ಸೇರಿತು. ಇದರ ಸೊಗಸು ಏನೆಂದರೆ, ಬಳಸಲು ಬೇರೆ ಯಾವ ಟೂಲೂ ಬೇಡ. ಎಲ್ಲವೂ ಫೈಲುಗಳ ಮೂಲಕವೇ ನಡೆಯುತ್ತದೆ. ಕರೆಂಟ್_ಟ್ರೇಸರ್ ಅನ್ನುವ ಫೈಲಿಗೆ 'ಫಂಕ್ಷನ್' ಅಂತ ಎಕೋ ಮಾಡಿದರೆ ಫಂಕ್ಷನ್ ಟ್ರೇಸರ್ ಶುರುವಾಗುತ್ತದೆ. ಟ್ರೇಸಿಂಗ್_ಆನ್ ಫೈಲಿಗೆ 0 ಬರೆದರೆ ದಾಖಲಿಸುವುದು ನಿಲ್ಲುತ್ತದೆ. ಟ್ರೇಸ್ ಫೈಲನ್ನು ಕ್ಯಾಟ್ ಮಾಡಿದರೆ ಫಲಿತಾಂಶ ಕಣ್ಣೆದುರಿಗೆ. ಸಣ್ಣ ಎಂಬೆಡೆಡ್ ಬೋರ್ಡಿನ ಮೇಲೆ ಬರೀ ಒಂದು ಶೆಲ್ ಇದ್ದರೂ ಸಾಕು, ಕೆಲಸ ಆಗುತ್ತದೆ.

ಇದರ ಅರ್ಥ, ಇಲ್ಲಿ ಪಾತ್ ಅನ್ನುವುದೇ ಇಂಟರ್‌ಫೇಸ್. ಬೇರೆ ಸಾಫ್ಟ್‌ವೇರಿನಲ್ಲಿ ಡಾಕ್ಯುಮೆಂಟಿನಲ್ಲಿ ಒಂದು ಫೈಲಿನ ಹೆಸರು ತಪ್ಪಿದ್ದರೆ ಬಳಸುವವರು ಮೆನು ತೆರೆದು ಹುಡುಕಿಕೊಳ್ಳುತ್ತಾರೆ. ಎಫ್‌ಟ್ರೇಸ್‌ನಲ್ಲಿ ಪಾತ್ ತಪ್ಪಿದರೆ ಹೊಸಬರಿಗೆ ಕಾಣುವುದು 'ಅಂಥ ಫೈಲ್ ಇಲ್ಲ' ಅನ್ನುವ ಒಂದು ಸಾಲು ಮಾತ್ರ. ನನ್ನ ಕರ್ನಲ್‌ನಲ್ಲಿ ಟ್ರೇಸಿಂಗ್ ಇಲ್ಲವೇ ಇಲ್ಲ ಅಂತ ಅವರು ಅಂದುಕೊಳ್ಳುತ್ತಾರೆ, ಕರ್ನಲ್ ಅನ್ನು ಮತ್ತೆ ಕಂಪೈಲ್ ಮಾಡಲು ಹೊರಡುತ್ತಾರೆ. ಸುಮ್ನೆ ಒಂದು ದಿನ ಹೋಯಿತು, ಅಲ್ವಾ?

ಪಾತ್ ಯಾಕೆ ಬದಲಾಯಿತು

ಎಫ್‌ಟ್ರೇಸ್ ಹುಟ್ಟಿದಾಗ ಅದಕ್ಕೆ ಸ್ವಂತ ಮನೆ ಇರಲಿಲ್ಲ. ಡೀಬಗ್ ಮಾಡಲೆಂದೇ ಇರುವ ಡೀಬಗ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಒಳಗೆ ಸೇರಿಕೊಂಡಿತು. ಗ್ರೆಗ್ ಕ್ರೋಆ-ಹಾರ್ಟ್‌ಮನ್ 2004ರಲ್ಲಿ ತಂದ ಡೀಬಗ್‌ಎಫ್‌ಎಸ್ ಬೇಕೆಂದೇ ನಿಯಮವಿಲ್ಲದ ಜಾಗ. ಕರ್ನಲ್ ಬರೆಯುವವರು ತಮಗೆ ಬೇಕಾದ ಮಾಹಿತಿಯನ್ನು ಹೇಗೆ ಬೇಕೋ ಹಾಗೆ ಅಲ್ಲಿ ಹೊರಗೆ ತೋರಿಸಬಹುದು, ನಾಳೆ ತೆಗೆದುಹಾಕಬಹುದು. ಟ್ರೇಸಿಂಗ್‌ಗೆ ಶುರುವಿನಲ್ಲಿ ಇದು ಸರಿಯಾಗಿಯೇ ಇತ್ತು.

ಆಗ ಡೀಬಗ್‌ಎಫ್‌ಎಸ್ ಅನ್ನು ಎಲ್ಲಿ ಮೌಂಟ್ ಮಾಡಬೇಕು, ಅಂದರೆ ಯಾವ ಡೈರೆಕ್ಟರಿಯಲ್ಲಿ ಕಾಣುವಂತೆ ಜೋಡಿಸಬೇಕು ಅನ್ನುವುದರಲ್ಲೂ ಒಮ್ಮತ ಇರಲಿಲ್ಲ. ಎಫ್‌ಟ್ರೇಸ್‌ನ ಮೊದಲ ಡಾಕ್ಯುಮೆಂಟಿನಲ್ಲಿ ರೂಟ್ ಡೈರೆಕ್ಟರಿಯ ಕೆಳಗೇ /ಡೀಬಗ್ ಅಂತ ಡೈರೆಕ್ಟರಿ ಮಾಡಿ ಅಲ್ಲಿ ಮೌಂಟ್ ಮಾಡಿ ಅಂತಿತ್ತು. ಕೆಲವರು /ಡೀಬಗ್‌ಎಫ್‌ಎಸ್ ಅಂತ ಬರೆದರು. ಇನ್ನು ಕೆಲವರು /ಸಿಸ್/ಕರ್ನಲ್/ಡೀಬಗ್ ಬಳಸಿದರು. 2009ರಲ್ಲಿ ಒಂದು ಪ್ಯಾಚ್ ಬಂದು ಎಲ್ಲವನ್ನೂ ಕೊನೆಯ ಪಾತ್‌ಗೆ ಒಂದು ಮಾಡಿತು. ಅಂದರೆ ಟ್ರೇಸಿಂಗ್ ಡಾಕ್ಯುಮೆಂಟುಗಳಲ್ಲಿ ಪಾತ್ ಸರಿಪಡಿಸುವ ಕೆಲಸ 2023ರಲ್ಲಿ ನಡೆದದ್ದು ಮೊದಲ ಸಲ ಅಲ್ಲ. ಇದನ್ನು ನೆನಪಿಡಿ, ಹುಡುಕುವಾಗ ಬೇಕಾಗುತ್ತದೆ.

ಆಮೇಲೆ ಟ್ರೇಸಿಂಗ್ ಬೆಳೆಯಿತು. ಡೆವಲಪರ್ ಮಾತ್ರ ಬಳಸುತ್ತಿದ್ದದ್ದು ಪ್ರೊಡಕ್ಷನ್ ಸರ್ವರುಗಳಲ್ಲೂ ಬೇಕಾಯಿತು. ಅಲ್ಲಿ ತೊಂದರೆ ಶುರು. ಟ್ರೇಸಿಂಗ್ ಬೇಕೆಂದರೆ ಡೀಬಗ್‌ಎಫ್‌ಎಸ್ ಮೌಂಟ್ ಮಾಡಲೇಬೇಕು, ಅದನ್ನು ಮೌಂಟ್ ಮಾಡಿದರೆ ಅದರೊಳಗೆ ಯಾರ್ಯಾರೋ ಡ್ರೈವರ್ ಬರೆದವರು ಬಿಟ್ಟ, ಭದ್ರತೆಯ ದೃಷ್ಟಿಯಿಂದ ಯಾರೂ ಸರಿಯಾಗಿ ನೋಡದ ಫೈಲುಗಳೆಲ್ಲ ಜೊತೆಗೆ ಬಂದುಬಿಡುತ್ತವೆ. ಭದ್ರತೆ ನೋಡಿಕೊಳ್ಳುವವರು ಒಪ್ಪುವ ಮಾತೇ ಅಲ್ಲ. ಇನ್ನೊಂದು ತೊಂದರೆ ತಾಂತ್ರಿಕ. ಟ್ರೇಸಿಂಗ್‌ನ ಇನ್‌ಸ್ಟೆನ್ಸಸ್ ಡೈರೆಕ್ಟರಿಯೊಳಗೆ ಎಂಕೆಡಿಐಆರ್ (ಹೊಸ ಡೈರೆಕ್ಟರಿ ಮಾಡುವ ಕಮಾಂಡ್) ಮಾಡಿದರೆ ಒಂದು ಹೊಸ ಟ್ರೇಸಿಂಗ್ ಬಫರ್ ಹುಟ್ಟಬೇಕು. ಡೀಬಗ್‌ಎಫ್‌ಎಸ್‌ನಲ್ಲಿ ಬಳಕೆದಾರರು ಹೊರಗಿನಿಂದ ಡೈರೆಕ್ಟರಿ ಮಾಡಲು ಅವಕಾಶವೇ ಇಲ್ಲ. ಹಾಗಾಗಿ ಒಳಗೆ ಏನೋ ತೇಪೆ ಹಾಕಿ ನಡೆಸಬೇಕಾಗಿತ್ತು.

ಈ ಎರಡಕ್ಕೂ ಉತ್ತರವಾಗಿ ರೋಸ್ಟೆಡ್ ಅವರೇ ಟ್ರೇಸ್‌ಎಫ್‌ಎಸ್ ಎಂಬ ಪ್ರತ್ಯೇಕ ಫೈಲ್ ಸಿಸ್ಟಮ್ ಬರೆದರು. 2015ರ ಜೂನ್‌ನಲ್ಲಿ ಹೊರಬಂದ 4.1 ಆವೃತ್ತಿಯಲ್ಲಿ ಅದು ಸೇರಿತು. ಅದರ ಜಾಗ /ಸಿಸ್/ಕರ್ನಲ್/ಟ್ರೇಸಿಂಗ್. ಡೀಬಗ್‌ಎಫ್‌ಎಸ್ ಇಲ್ಲದೆಯೂ ಟ್ರೇಸಿಂಗ್ ಓಡುವಂತಾಯಿತು.

ಯಾರೂ ಗಮನಿಸಲಿಲ್ಲ ಯಾಕೆ

ಕರ್ನಲ್‌ನವರಿಗೆ ಒಂದು ಗಟ್ಟಿ ನಿಯಮ ಇದೆ. ಬಳಕೆದಾರರ ಪ್ರೋಗ್ರಾಂ ಇಂದು ಓಡುತ್ತಿದ್ದರೆ ನಾಳೆಯ ಕರ್ನಲ್‌ನಲ್ಲೂ ಓಡಬೇಕು. ಹಳೇ ಪಾತ್ ನೆಚ್ಚಿಕೊಂಡ ಸ್ಕ್ರಿಪ್ಟುಗಳು ಆಗಲೇ ಎಲ್ಲ ಕಡೆ ಇದ್ದವು. ಅದಕ್ಕೆ ಒಂದು ಅನುಕೂಲ ಮಾಡಿದರು: ಡೀಬಗ್‌ಎಫ್‌ಎಸ್ ಮೌಂಟ್ ಆಗಿದ್ದರೆ, ಅದರೊಳಗಿನ ಟ್ರೇಸಿಂಗ್ ಡೈರೆಕ್ಟರಿಯನ್ನು ಯಾರಾದರೂ ಮುಟ್ಟಿದ ತಕ್ಷಣ ಟ್ರೇಸ್‌ಎಫ್‌ಎಸ್ ತಾನಾಗಿ ಅಲ್ಲೂ ಮೌಂಟ್ ಆಗುತ್ತದೆ. ಎರಡು ಪಾತ್, ಒಂದೇ ಫೈಲುಗಳು.

ಒಳ್ಳೆಯ ಏರ್ಪಾಡು. ಆದರೆ ಡಾಕ್ಯುಮೆಂಟೇಶನ್ ಹಳತಾಗಿ ಉಳಿಯಲು ಇದೇ ಕಾರಣ. ಮನೆ ಬದಲಾಯಿಸಿದ ಮೇಲೂ ಪೋಸ್ಟ್‌ಮ್ಯಾನ್ ಹಳೇ ವಿಳಾಸದ ಕಾಗದವನ್ನೆಲ್ಲ ಹೊಸ ಮನೆಗೇ ತಂದುಕೊಡುತ್ತಿದ್ದರೆ ನೆಂಟರಿಗೆ ಹೊಸ ವಿಳಾಸ ಹೇಳಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ. ಇಲ್ಲೂ ಹಾಗೇ ಆಯಿತು. ಕರ್ನಲ್ ಬರೆಯುವವರ ಮೆಷಿನ್‌ನಲ್ಲಿ ಡೀಬಗ್‌ಎಫ್‌ಎಸ್ ಸದಾ ಮೌಂಟ್ ಆಗಿರುತ್ತದೆ. ಅವರು ಡಾಕ್ಯುಮೆಂಟಿನ ಕಮಾಂಡ್ ಕಾಪಿ ಮಾಡಿ ಓಡಿಸಿದರೆ ಸರಿಯಾಗಿ ಓಡುತ್ತದೆ. ಓಡುವುದನ್ನು ಯಾರು ತಿದ್ದುತ್ತಾರೆ?

ವಿಚಿತ್ರ ಏನೆಂದರೆ ಮುಖ್ಯ ಡಾಕ್ಯುಮೆಂಟು ನಿಜವನ್ನೇ ಹೇಳುತ್ತಿತ್ತು. ಡಾಕ್ಯುಮೆಂಟೇಶನ್/ಟ್ರೇಸ್ ಡೈರೆಕ್ಟರಿಯ ಎಫ್‌ಟ್ರೇಸ್ ಪುಟದಲ್ಲಿ, 4.1ಕ್ಕಿಂತ ಮೊದಲು ಹೀಗಿತ್ತು, ಈಗ ಹೀಗಿದೆ, ಹಳೇ ಪಾತ್ ಇರುವುದು ಹೊಂದಾಣಿಕೆಗಾಗಿ ಮಾತ್ರ ಅಂತ ಸ್ಪಷ್ಟವಾಗಿ ಬರೆದಿತ್ತು. ಅದೇ ಡೈರೆಕ್ಟರಿಯ ಪಕ್ಕದ ಪುಟಗಳು, ಈವೆಂಟುಗಳ ಬಗ್ಗೆ, ಯುಪ್ರೋಬ್ (ಬಳಕೆದಾರರ ಪ್ರೋಗ್ರಾಂ ಒಳಗೆ ಇಣುಕುವ ಸೌಲಭ್ಯ) ಬಗ್ಗೆ ಹೇಳುವ ಪುಟಗಳು, ಹಳೇ ಪಾತನ್ನೇ ಕೊಡುತ್ತಿದ್ದವು. ಓದುವವರು ಸರ್ಚ್ ಮಾಡಿ ನೇರವಾಗಿ ಈವೆಂಟುಗಳ ಪುಟಕ್ಕೆ ಬರುತ್ತಾರೆ. ಮುಖ್ಯ ಪುಟದಲ್ಲಿ ಏನು ಬರೆದಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಹಾಗಾದರೆ ಪೆಟ್ಟು ಯಾರಿಗೆ ಬಿತ್ತು? ಮೂರು ಗುಂಪಿನವರಿಗೆ.

ಒಂದು, ಡೀಬಗ್‌ಎಫ್‌ಎಸ್ ಬಂದ್ ಮಾಡಿಕೊಂಡವರು. 2020ರಿಂದ ಕರ್ನಲ್ ಬೂಟ್ ಮಾಡುವಾಗ ಡೀಬಗ್‌ಎಫ್‌ಎಸ್=ಆಫ್ ಅಂತ ಕೊಡಬಹುದು. ಹಾಗೆ ಕೊಟ್ಟರೆ /ಸಿಸ್/ಕರ್ನಲ್/ಡೀಬಗ್ ಡೈರೆಕ್ಟರಿಯೇ ಇರುವುದಿಲ್ಲ. ಟ್ರೇಸಿಂಗ್ ಮಾತ್ರ ಹೊಸ ಪಾತ್‌ನಲ್ಲಿ ಸುಖವಾಗಿ ಓಡುತ್ತಿರುತ್ತದೆ. ಎರಡು, ಆಂಡ್ರಾಯ್ಡ್ ಕೆಲಸದವರು. ಆಂಡ್ರಾಯ್ಡ್ 11ರಿಂದ ಈಚೆಗೆ ಮಾರಾಟಕ್ಕೆ ಹೋಗುವ ಫೋನುಗಳಲ್ಲಿ ಡೀಬಗ್‌ಎಫ್‌ಎಸ್ ಮೌಂಟ್ ಮಾಡುವ ಹಾಗಿಲ್ಲ. ಬೆಂಗಳೂರಿನಲ್ಲಿ ಚಿಪ್ ಮತ್ತು ಫೋನ್ ಕಂಪನಿಗಳಲ್ಲಿ ಕರ್ನಲ್ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯ ಗುಂಪಿನ ತೊಂದರೆ ಸ್ವಲ್ಪ ಸೂಕ್ಷ್ಮ, ಹಾಗಾಗಿ ಇಲ್ಲಿ ನಿಂತು ನೋಡೋಣ. ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಅಲ್ಲದ ಒಂದು ಗುಂಪಿಗೆ ಟ್ರೇಸಿಂಗ್ ನೋಡಲು ಅನುಮತಿ ಕೊಡಬೇಕು ಅಂದುಕೊಳ್ಳಿ. ಟ್ರೇಸ್‌ಎಫ್‌ಎಸ್ ಅನ್ನು ಆ ಗುಂಪಿನ ಜಿಐಡಿ (ಗುಂಪಿನ ಸಂಖ್ಯೆ) ಮತ್ತು ಮೋಡ್ (ಯಾರಿಗೆ ಏನು ಅನುಮತಿ) ಕೊಟ್ಟು ರೀಮೌಂಟ್ ಮಾಡಬಹುದು. ಹೊಸ ಪಾತ್‌ನಲ್ಲಿ ಕೆಲಸ ಆಗುತ್ತದೆ. ಹಳೇ ಪಾತ್‌ನಲ್ಲಿ ಆಗುವುದಿಲ್ಲ. ಯಾಕೆಂದರೆ ಅಲ್ಲಿಗೆ ಹೋಗಲು ಮೊದಲು /ಸಿಸ್/ಕರ್ನಲ್/ಡೀಬಗ್ ದಾಟಬೇಕು, ಅದರ ಡೀಫಾಲ್ಟ್ ಮೋಡ್ 0700, ರೂಟ್ ಬಿಟ್ಟು ಯಾರಿಗೂ ಒಳಗೆ ಪ್ರವೇಶ ಇಲ್ಲ. ಡಾಕ್ಯುಮೆಂಟಿನಲ್ಲಿ ಹಳೇ ಪಾತ್ ನೋಡಿದ ಅಡ್ಮಿನ್ ಏನು ಮಾಡುತ್ತಾರೆ? ಡೀಬಗ್‌ಎಫ್‌ಎಸ್ ಇಡೀ ಡೈರೆಕ್ಟರಿಯ ಬಾಗಿಲನ್ನೇ 0755 ಮಾಡಿ ತೆರೆದುಬಿಡುತ್ತಾರೆ. ಯಾವ ಅಪಾಯ ತಪ್ಪಿಸಲು ಟ್ರೇಸ್‌ಎಫ್‌ಎಸ್ ಬಂತೋ ಅದೇ ಅಪಾಯವನ್ನು ಹಳತಾದ ಡಾಕ್ಯುಮೆಂಟ್ ಮತ್ತೆ ಕರೆತಂದ ಹಾಗಾಯಿತು. ಪಾತ್ ಹಳತಾಗಿದ್ದರೆ ಏನಂತೆ, ಓಡುತ್ತಲ್ಲ ಅನ್ನುವವರಿಗೆ ನಾನು ಕೊಡುವ ಉತ್ತರ ಇದೇ. ಇದು ಬರೀ ಓರಣದ ಪ್ರಶ್ನೆ ಅಲ್ಲ.

ಹುಡುಕಿ ಬದಲಿಸುವುದು ಯಾಕೆ ಸಾಲದು

ಈಗ ಕೆಲಸಕ್ಕೆ ಬರೋಣ. ಗಿಟ್ ಗ್ರೆಪ್ ಹಾಕಿ ಹುಡುಕಿ, ಸೆಡ್ ಓಡಿಸಿ ಬದಲಿಸಿ, ಕಮಿಟ್ ಮಾಡಿದರೆ ಮುಗಿಯಿತು ಅಂತ ಮೊದಲು ಅನ್ನಿಸುತ್ತದೆ. ಹಾಗೆ ಮಾಡಿದರೆ ಏನಾಗುತ್ತದೆ ನೋಡಿ.

ಮೊದಲನೆಯದು, ಏನನ್ನು ಹುಡುಕಬೇಕು? 'ಡೀಬಗ್/ಟ್ರೇಸಿಂಗ್' ಅಂತ ಹುಡುಕಿದರೆ ದೊಡ್ಡ ಪಾಲು ಸಿಗುತ್ತದೆ. ಆದರೆ 'ಡೀಬಗ್‌ಎಫ್‌ಎಸ್/ಟ್ರೇಸಿಂಗ್' ಅಂತ ಬರೆದ ಕಡೆ ತಪ್ಪಿಹೋಗುತ್ತದೆ. 2009ಕ್ಕಿಂತ ಹಿಂದಿನ ರೂಢಿಯ ಉಳಿಕೆ ಇದ್ದರೆ ಅದನ್ನೂ ಬೇರೆಯಾಗಿ ಹುಡುಕಬೇಕು. ಇನ್ನು ಪಾತೇ ಬರೆಯದೆ ಮಾತಿನಲ್ಲಿ 'ಡೀಬಗ್‌ಎಫ್‌ಎಸ್‌ನ ಟ್ರೇಸಿಂಗ್ ಡೈರೆಕ್ಟರಿಯಲ್ಲಿ' ಅಂತ ಹೇಳಿದ್ದರೆ ಗ್ರೆಪ್‌ಗೆ ಕಾಣುವುದೇ ಇಲ್ಲ. ಅದಕ್ಕೆ ಓದುವುದೇ ದಾರಿ.

ಎರಡನೆಯದು, ಏನನ್ನು ಬದಲಿಸಬಾರದು. ಆತುರದಲ್ಲಿ /ಸಿಸ್/ಕರ್ನಲ್/ಡೀಬಗ್ ಅಂತ ಇರುವುದನ್ನೆಲ್ಲ ಮುಟ್ಟಿದರೆ ಸರಿಯಾಗಿದ್ದದ್ದೂ ಕೆಡುತ್ತದೆ. ಮೆಮೊರಿ ಸೋರಿಕೆ ಹಿಡಿಯುವ ಕೆಮೆಮ್‌ಲೀಕ್ ಫೈಲು ಇಂದಿಗೂ ಡೀಬಗ್‌ಎಫ್‌ಎಸ್‌ನಲ್ಲೇ ಇದೆ. ಡೀಬಗ್ ಸಂದೇಶಗಳನ್ನು ಬೇಕೆಂದಾಗ ಆನ್ ಮಾಡುವ ಡೈನಾಮಿಕ್ ಡೀಬಗ್‌ನ ಕಂಟ್ರೋಲ್ ಫೈಲು ಅಲ್ಲೇ ಇದೆ. ಡಿಸ್ಕಿನ ಓದು-ಬರಹ ಗಮನಿಸುವ ಬ್ಲಾಕ್‌ಟ್ರೇಸ್ ಬಳಸುವ ಬ್ಲಾಕ್ ಡೈರೆಕ್ಟರಿಯೂ ಅಲ್ಲೇ ಇದೆ, ಹೆಸರಲ್ಲಿ ಟ್ರೇಸ್ ಅಂತ ಇದ್ದರೂ. ಎಲ್ಲಕ್ಕಿಂತ ಜಾಸ್ತಿ ಗೊಂದಲ ಕೆಪ್ರೋಬ್‌ನದು, ಅಂದರೆ ಓಡುತ್ತಿರುವ ಕರ್ನಲ್ ಕೋಡಿನ ಒಳಗೆ ಇಣುಕುವ ಸೌಲಭ್ಯದ್ದು. ಕೆಪ್ರೋಬ್_ಈವೆಂಟ್ಸ್ ಅನ್ನುವ ಫೈಲು ಟ್ರೇಸ್‌ಎಫ್‌ಎಸ್‌ನಲ್ಲಿದೆ, ಅದರ ಪಾತ್ ಬದಲಾಗಬೇಕು. ಕೆಪ್ರೋಬ್ಸ್ ಡೈರೆಕ್ಟರಿಯೊಳಗಿನ ಲಿಸ್ಟ್ ಮತ್ತು ಎನೇಬಲ್ಡ್ ಫೈಲುಗಳು ಡೀಬಗ್‌ಎಫ್‌ಎಸ್‌ನಲ್ಲಿವೆ, ಅವುಗಳ ಪಾತ್ ಬದಲಾಗಬಾರದು. ಎರಡರ ಡಾಕ್ಯುಮೆಂಟುಗಳೂ ಒಂದೇ ಡೈರೆಕ್ಟರಿಯಲ್ಲಿ, ಹತ್ತಿರ ಹತ್ತಿರದ ಹೆಸರಿನಲ್ಲಿವೆ. ಕಣ್ಣು ಮುಚ್ಚಿ ಬದಲಿಸಿದರೆ ಇಲ್ಲೇ ಮುಗ್ಗರಿಸುವುದು.

ಮೂರನೆಯದು, ಇತಿಹಾಸ ಹೇಳುವ ಸಾಲು. ಎಫ್‌ಟ್ರೇಸ್ ಪುಟದಲ್ಲಿ ಹಳೇ ಪಾತ್ ಬಗ್ಗೆ ವಿವರಿಸುವ ಆ ಟಿಪ್ಪಣಿಯಲ್ಲಿ ಹಳೇ ಪಾತ್ ಇರಲೇಬೇಕು. ಸೆಡ್ ಅದನ್ನೂ ಬದಲಿಸಿದರೆ, 'ಮೊದಲು ಫೈಲುಗಳು ಹೊಸ ಜಾಗದಲ್ಲಿದ್ದವು, ಹೊಂದಾಣಿಕೆಗಾಗಿ ಈಗ ಹೊಸ ಜಾಗದಲ್ಲೂ ಮೌಂಟ್ ಆಗುತ್ತದೆ' ಅನ್ನುವ ಅರ್ಥವಿಲ್ಲದ ಮಾತು ಉಳಿಯುತ್ತದೆ. ಡಿಫ್ (ಬದಲಾದ ಸಾಲುಗಳ ಪಟ್ಟಿ) ನೋಡುವಾಗ ಇದು ಸುಲಭವಾಗಿ ಕಣ್ತಪ್ಪುತ್ತದೆ, ಯಾಕೆಂದರೆ ಬದಲಾದ ಉಳಿದ ಸಾಲುಗಳೂ ಹಾಗೇ ಕಾಣುತ್ತವೆ.

ನಾಲ್ಕನೆಯದು, ಪಾತ್ ಬದಲಾದರೂ ಪಕ್ಕದ ಮಾತು ಹಳತಾಗಿಯೇ ಉಳಿಯುವುದು. ಮೇಲೆ 'ಮೊದಲು ಡೀಬಗ್‌ಎಫ್‌ಎಸ್ ಮೌಂಟ್ ಮಾಡಿ' ಅಂತ ಒಂದು ಕಮಾಂಡ್, ಕೆಳಗೆ ಹೊಸ ಪಾತ್ ಇರುವ ಕಮಾಂಡುಗಳು. ಓದುವವರಿಗೆ ಇದರಿಂದ ಏನು ಅರ್ಥವಾಗಬೇಕು? ಡೀಬಗ್‌ಎಫ್‌ಎಸ್ ಬೇಕೋ ಬೇಡವೋ? ಇಂಥ ಕಡೆ ಮೌಂಟ್ ಸಾಲನ್ನೂ ಬದಲಿಸಬೇಕು, ಅಥವಾ ತೆಗೆಯಬೇಕು.

ಕರ್ನಲ್ ಒಳಗೆ ಸಣ್ಣ ಪ್ರೋಗ್ರಾಂಗಳನ್ನು ಓಡಿಸುವ ಬಿಪಿಎಫ್‌ನ ಹೆಡರ್ ಫೈಲಿನ ಉದಾಹರಣೆ ನನಗೆ ಬಹಳ ಇಷ್ಟ. ಬಿಪಿಎಫ್_ಟ್ರೇಸ್_ಪ್ರಿಂಟ್‌ಕೆ ಅನ್ನುವ ಹೆಲ್ಪರ್ ಏನು ಮಾಡುತ್ತದೆ ಅನ್ನುವ ವಿವರಣೆ ಆ ಹೆಡರಿನ ಕಾಮೆಂಟಿನಲ್ಲೇ ಇದೆ. ಸಂದೇಶ ಡೀಬಗ್‌ಎಫ್‌ಎಸ್‌ನ ಹಳೇ ಪಾತ್‌ನಲ್ಲಿರುವ ಟ್ರೇಸ್ ಫೈಲಿಗೆ ಹೋಗುತ್ತದೆ ಅಂತ ಬರೆದಿತ್ತು. ಪಾತ್ ಮಾತ್ರ ಬದಲಿಸಿದರೆ ಸಾಲದು, ಡೀಬಗ್‌ಎಫ್‌ಎಸ್ ಅನ್ನುವ ಹೆಸರೂ ಟ್ರೇಸ್‌ಎಫ್‌ಎಸ್ ಆಗಬೇಕು. ಈ ಕಾಮೆಂಟಿನಿಂದಲೇ ಬಿಪಿಎಫ್ ಹೆಲ್ಪರುಗಳ ಮ್ಯಾನ್ ಪೇಜ್ (ಕೈಪಿಡಿ ಪುಟ) ತಯಾರಾಗುತ್ತದೆ, ಹಾಗಾಗಿ ಇಲ್ಲಿನ ಒಂದು ತಪ್ಪು ಜಗತ್ತಿನ ಎಷ್ಟೋ ಮೆಷಿನ್‌ಗಳ ಮ್ಯಾನ್ ಪೇಜಿಗೆ ಹೋಗುತ್ತದೆ. ಅದೇ ಹೆಡರಿನ ಇನ್ನೊಂದು ಪ್ರತಿ ಟೂಲ್ಸ್ ಡೈರೆಕ್ಟರಿಯಲ್ಲಿದೆ, ಅದನ್ನೂ ಸಮ ಮಾಡಬೇಕು. ಇನ್ನೂ ಒಂದು ವಿಷಯ ಇದೆ. ಪಾತನ್ನು ಓರೆ ಅಕ್ಷರದಲ್ಲಿ ತೋರಿಸಲು ಅದರ ಹಿಂದೆ ಮುಂದೆ ನಕ್ಷತ್ರದ ಚಿಹ್ನೆ ಹಾಕುತ್ತಾರೆ. ಪಾತ್ ಶುರುವಾಗುವುದು ಓರೆ ಗೆರೆಯಿಂದ. ನಕ್ಷತ್ರದ ಬೆನ್ನಿಗೇ ಓರೆ ಗೆರೆ ಬಂದರೆ ಸಿ ಭಾಷೆಯಲ್ಲಿ ಕಾಮೆಂಟ್ ಮುಗಿಯಿತು ಅಂತ ಅರ್ಥ! ಅದಕ್ಕೇ ನಡುವೆ ಒಂದು ಹಿಮ್ಮುಖ ಗೆರೆ ಹಾಕಿದ್ದಾರೆ. ಪಾತ್ ಚೊಕ್ಕ ಮಾಡುತ್ತೇನೆ ಅಂತ ಆ ಗೆರೆ ಅಳಿಸಿದರೆ ಹೆಡರ್ ಕಂಪೈಲ್ ಆಗುವುದಿಲ್ಲ. ಬರೀ ಡಾಕ್ಯುಮೆಂಟೇಶನ್ ಬದಲಾವಣೆ, ಕಂಪೈಲ್ ಮಾಡಿ ನೋಡುವುದೇನಿದೆ ಅನ್ನುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಸ್ಕ್ರಿಪ್ಟ್ ಉದಾಹರಣೆಗಳ ಕಥೆ ಬೇರೆ. ಹಳೇ ಸ್ಕ್ರಿಪ್ಟಿನಲ್ಲಿ ಡೀಬಗ್‌ಎಫ್‌ಎಸ್ ಎಲ್ಲಿ ಮೌಂಟ್ ಆಗಿದೆ ಅಂತ /ಪ್ರಾಕ್/ಮೌಂಟ್ಸ್ (ಮೌಂಟ್ ಆಗಿರುವುದರ ಪಟ್ಟಿ) ನೋಡಿ ಒಂದು ವೇರಿಯೇಬಲ್‌ಗೆ ಹಾಕಿ, ಆಮೇಲೆ ಆ ವೇರಿಯೇಬಲ್ ಮುಂದೆ /ಟ್ರೇಸಿಂಗ್/ಕರೆಂಟ್_ಟ್ರೇಸರ್ ಅಂತ ಸೇರಿಸುತ್ತಿದ್ದರು. ವೇರಿಯೇಬಲ್‌ನಲ್ಲಿ ಡೀಬಗ್‌ಎಫ್‌ಎಸ್ ಬದಲು ಟ್ರೇಸ್‌ಎಫ್‌ಎಸ್ ಇಟ್ಟರೆ ನಡುವಿನ /ಟ್ರೇಸಿಂಗ್ ತೆಗೆಯಲೇಬೇಕು, ಟ್ರೇಸ್‌ಎಫ್‌ಎಸ್‌ನ ಬುಡವೇ ಆ ಡೈರೆಕ್ಟರಿ. ಇಲ್ಲದಿದ್ದರೆ ಟ್ರೇಸಿಂಗ್/ಟ್ರೇಸಿಂಗ್ ಅಂತ ಇಲ್ಲದ ಜಾಗಕ್ಕೆ ಹೋಗುತ್ತದೆ.

ಅದನ್ನು ಸರಿ ಮಾಡಿದರೂ ಇನ್ನೊಂದು ಬಲೆ ಇದೆ. ಯಾರಾದರೂ ಒಮ್ಮೆ ಹಳೇ ಪಾತ್ ಮುಟ್ಟಿದ್ದರೆ ಅಲ್ಲೂ ಟ್ರೇಸ್‌ಎಫ್‌ಎಸ್ ಮೌಂಟ್ ಆಗಿರುತ್ತದೆ, /ಪ್ರಾಕ್/ಮೌಂಟ್ಸ್‌ನಲ್ಲಿ ಎರಡು ಸಾಲು ಬರುತ್ತವೆ. ವೇರಿಯೇಬಲ್‌ನಲ್ಲಿ ಎರಡು ಪಾತ್ ಸೇರಿಕೊಳ್ಳುತ್ತವೆ. ಕೋಟ್ ಇಲ್ಲದೆ ಅದನ್ನು ರೀಡೈರೆಕ್ಟ್‌ನಲ್ಲಿ ಬಳಸಿದರೆ ಯಾವುದಕ್ಕೆ ಬರೆಯಬೇಕು ಗೊತ್ತಾಗುತ್ತಿಲ್ಲ ಅಂತ ಬ್ಯಾಶ್ ನಿಂತುಬಿಡುತ್ತದೆ. ಬೆಳಿಗ್ಗೆ ಓಡಿದ ಸ್ಕ್ರಿಪ್ಟ್ ಸಂಜೆ ಓಡದಿರಲು ಕಾರಣ, ನಡುವೆ ಇನ್ಯಾರೋ ಹಳೇ ಪಾತ್‌ನಲ್ಲಿ ಎಲ್‌ಎಸ್ ಮಾಡಿದ್ದು! ಮೊದಲ ಸಾಲನ್ನಷ್ಟೇ ತೆಗೆದುಕೊಳ್ಳುವಂತೆ ಬರೆಯುವುದು, ಇಲ್ಲವೇ ಉದಾಹರಣೆಯಲ್ಲಿ ಹೊಸ ಪಾತನ್ನೇ ನೇರವಾಗಿ ಬರೆಯುವುದು ವಾಸಿ. ನನ್ನ ಮತ ಎರಡನೆಯದಕ್ಕೆ. ಡಾಕ್ಯುಮೆಂಟಿನ ಉದಾಹರಣೆ ಓದಿದ ತಕ್ಷಣ ಅರ್ಥ ಆಗಬೇಕು.

ಕೋಡಿಗೆ ಈ ಮಾತು ಅನ್ವಯಿಸುವುದಿಲ್ಲ. ಕೋಡು ಹಳೇ ಕರ್ನಲ್ ಮೇಲೂ ಓಡಬೇಕಾಗಬಹುದು. ಹಾಗಾಗಿ ಬಿಪಿಎಫ್‌ನ ಸೆಲ್ಫ್‌ಟೆಸ್ಟುಗಳಲ್ಲಿ ಮೊದಲು ಹೊಸ ಪಾತ್ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಮಾತ್ರ ಹಳೇದಕ್ಕೆ ಹೋಗುವಂತೆ ಬದಲಿಸಿದರು. ಅಲ್ಲಿ ಹಳೇ ಪಾತ್ ಉಳಿದಿರುವುದು ಬೇಕೆಂದೇ. ಡಾಕ್ಯುಮೆಂಟ್ ಹಾಗಲ್ಲ, ಅದು ಆ ಕರ್ನಲ್ ಜೊತೆಗೇ ಬರುತ್ತದೆ, ಆ ಕರ್ನಲ್‌ನಲ್ಲಿ ಯಾವುದು ಸರಿಯೋ ಅದೊಂದನ್ನೇ ಹೇಳಬೇಕು. ಎರಡೂ ಪಾತ್ ಕೊಟ್ಟು ಯಾವುದಾದರೂ ಬಳಸಿ ಅಂದರೆ ಜನ ಹಳೇದನ್ನೇ ಹಿಡಿಯುತ್ತಾರೆ.

ಪರೀಕ್ಷೆ ಮಾಡುವುದು ಎಲ್ಲಿ

ಬದಲಿಸಿದ ಮೇಲೆ ಸರಿಯಾಗಿದೆಯಾ ಅಂತ ನೋಡುವುದು ಹೇಗೆ? ಎಚ್‌ಟಿಎಂಎಲ್ ಡಾಕ್ಸ್ ಬಿಲ್ಡ್ ಮಾಡಿದರೆ ಮಾರ್ಕಪ್ ತಪ್ಪುಗಳು ಸಿಗುತ್ತವೆ, ಉದಾಹರಣೆಗೆ ಗೆರೆ ಎಳೆದ ಟೇಬಲ್ ಒಳಗೆ ಪಾತ್ ಆರು ಅಕ್ಷರ ಚಿಕ್ಕದಾಗಿ ಗೆರೆ ಜರುಗಿದ್ದರೆ. ಕರ್ನಲ್‌ನಲ್ಲಿ ಡಾಕ್ಯುಮೆಂಟ್‌ಗಳ ಪರಸ್ಪರ ಉಲ್ಲೇಖ ಮುರಿದಿದೆಯಾ ಅಂತ ನೋಡುವ ಒಂದು ಸ್ಕ್ರಿಪ್ಟೂ ಇದೆ. ಆದರೆ ಅದು ನೋಡುವುದು ಡಾಕ್ಯುಮೆಂಟೇಶನ್ ಡೈರೆಕ್ಟರಿಯ ಫೈಲುಗಳನ್ನು ಮಾತ್ರ. /ಸಿಸ್ ಕೆಳಗಿನ ಒಂದು ಟ್ರೇಸಿಂಗ್ ಪಾತ್ ಇಂದು ನಿಜವಾಗಿ ಇದೆಯಾ ಅಂತ ಅದು ಹೇಳುವುದಿಲ್ಲ.

ನಮ್ಮ ಮೆಷಿನ್‌ನಲ್ಲಿ ಕಮಾಂಡ್ ಓಡಿಸಿ ನೋಡಿದರೆ ಪ್ರಯೋಜನ ಇಲ್ಲ. ಅಲ್ಲಿ ಹಳೇದೂ ಓಡುತ್ತದೆ, ಹೊಸದೂ ಓಡುತ್ತದೆ. ತಪ್ಪು ಕಾಣಬೇಕಾದರೆ ಹಳೇ ಪಾತ್ ಸತ್ತಿರುವ ಜಾಗ ಬೇಕು. ಕ್ಯೂಇಎಂಯು ಎಂಬ ವರ್ಚುವಲ್ ಮೆಷಿನ್ ಒಳಗೆ ಎರಡು ಸಲ ಬೂಟ್ ಮಾಡಿ. ಒಂದು ಸಲ ಮಾಮೂಲಿಯಾಗಿ, ಇನ್ನೊಂದು ಸಲ ಡೀಬಗ್‌ಎಫ್‌ಎಸ್=ಆಫ್ ಕೊಟ್ಟು. ಡಾಕ್ಯುಮೆಂಟಿನ ಪ್ರತಿಯೊಂದು ಕಮಾಂಡನ್ನೂ ಎರಡರಲ್ಲೂ ಓಡಿಸಿ. ಎರಡರಲ್ಲೂ ಓಡಿದರೆ ಆ ಪಾತ್ ಸರಿ. ಮೊದಲನೆಯದರಲ್ಲಿ ಮಾತ್ರ ಓಡಿದರೆ ಎರಡೇ ಸಾಧ್ಯತೆ: ಒಂದೋ ನೀವು ಬದಲಿಸದೆ ಬಿಟ್ಟ ಹಳೇ ಪಾತ್, ಇಲ್ಲವೇ ಕೆಮೆಮ್‌ಲೀಕ್ ಥರ ನಿಜವಾಗಿಯೂ ಡೀಬಗ್‌ಎಫ್‌ಎಸ್‌ಗೆ ಸೇರಿದ್ದು. ಇವೆರಡನ್ನು ಬೇರೆ ಮಾಡುವುದು ಕಷ್ಟವಲ್ಲ, ಆ ಫೈಲನ್ನು ಹುಟ್ಟಿಸುವ ಕೋಡ್ ತೆರೆದರೆ ಅದು ಡೀಬಗ್‌ಎಫ್‌ಎಸ್ ಫಂಕ್ಷನ್ ಕರೆಯುತ್ತಿದೆಯೋ ಟ್ರೇಸ್‌ಎಫ್‌ಎಸ್ ಫಂಕ್ಷನ್ ಕರೆಯುತ್ತಿದೆಯೋ ಕಾಣುತ್ತದೆ. ಎರಡರಲ್ಲೂ ಓಡದಿದ್ದರೆ ಇನ್ನೂ ಖುಷಿ ಪಡಬೇಕು, ಬೇರೆ ಯಾವುದೋ ಹಳೇ ತಪ್ಪು ಸಿಕ್ಕಿತು ಅಂತ. ಶೆಡ್ಯೂಲರ್‌ನ ಫೀಚರ್ಸ್ ಫೈಲು ಹಾಗೆ 5.13ರಲ್ಲಿ ಡೀಬಗ್‌ಎಫ್‌ಎಸ್ ಒಳಗೇ ಸ್ಕೆಡ್ ಡೈರೆಕ್ಟರಿಗೆ ಜಾಗ ಬದಲಿಸಿತ್ತು.

ಹೊಸಬರಿಗೆ ಇದು ಒಳ್ಳೆಯ ಕೆಲಸ ಅಂತ ಹೇಳಲು ಕಾರಣ ಇದೇ. ಒಂದು ಪಾತ್ ತಿದ್ದಲು ಹೋಗಿ ಫೈಲ್ ಸಿಸ್ಟಮ್ ಹೇಗೆ ನೋಂದಣಿ ಆಗುತ್ತದೆ, ತಾನಾಗಿ ಮೌಂಟ್ ಆಗುವುದು ಹೇಗೆ, ಅನುಮತಿಗಳು ಎಲ್ಲಿ ತಡೆಯುತ್ತವೆ ಅಂತ ಓದಿಕೊಳ್ಳಬೇಕಾಗುತ್ತದೆ.

ಕಳಿಸುವ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲವನ್ನೂ ಒಂದೇ ದೊಡ್ಡ ಪ್ಯಾಚ್ ಮಾಡಬೇಡಿ. ಡಾಕ್ಯುಮೆಂಟುಗಳು ಒಬ್ಬ ಮೇಂಟೇನರ್‌ಗೆ (ಆ ಭಾಗ ನೋಡಿಕೊಳ್ಳುವವರಿಗೆ), ಟ್ರೇಸಿಂಗ್ ಕೋಡಿನ ಕಾಮೆಂಟುಗಳು ಇನ್ನೊಬ್ಬರಿಗೆ, ಬಿಪಿಎಫ್ ಮತ್ತೊಬ್ಬರಿಗೆ ಸೇರುತ್ತವೆ. 2023ರಲ್ಲೂ ಬೇರೆ ಬೇರೆಯಾಗಿಯೇ ಹೋದವು. ಕಮಿಟ್ ಸಂದೇಶದಲ್ಲಿ ಪಾತ್ ಯಾವ ಆವೃತ್ತಿಯಲ್ಲಿ, ಯಾಕೆ ಬದಲಾಯಿತು ಅಂತ ಬರೆಯಿರಿ. ಆ ಸಲ ಎಫ್‌ಟ್ರೇಸ್ ಪುಟದ ಆ ಟಿಪ್ಪಣಿಯನ್ನೇ ಸಂದೇಶದಲ್ಲಿ ಉಲ್ಲೇಖಿಸಿದ್ದರು. ನೋಡುವವರಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಒಂದು ವಿಷಯದಲ್ಲಿ ನನಗೆ ಇನ್ನೂ ಎರಡು ಮನಸ್ಸಿದೆ. ಟ್ರೇಸ್‌ಎಫ್‌ಎಸ್ ಒಳಗೇ ರೀಡ್‌ಮಿ ಅಂತ ಒಂದು ಫೈಲಿದೆ, ಪುಟ್ಟ ಕೈಪಿಡಿ. ಅದರಲ್ಲಿ ಕಮಾಂಡುಗಳು 'ಟ್ರೇಸಿಂಗ್_ಆನ್ ಫೈಲಿಗೆ 0 ಬರೆಯಿರಿ' ಅನ್ನುವ ರೀತಿಯಲ್ಲಿವೆ, ಮುಂದೆ ಪೂರ್ತಿ ಪಾತ್ ಇಲ್ಲ. ನೀವು ಆ ಡೈರೆಕ್ಟರಿಯಲ್ಲೇ ನಿಂತಿದ್ದೀರಿ ಅಂತ ಅಂದುಕೊಂಡು ಬರೆದದ್ದು. ಇಂಥ ಬರಹ ಹಳತಾಗುವುದೇ ಇಲ್ಲ, ಡೈರೆಕ್ಟರಿ ಎಲ್ಲಿಗೆ ಹೋದರೂ. ಹಾಗಾದರೆ ಎಲ್ಲ ಪುಟಗಳನ್ನೂ ಹೀಗೇ ಬರೆದರೆ ಆಗದೇ? ಮಧ್ಯದಿಂದ ಓದಲು ಬಂದವರಿಗೆ ಕಷ್ಟವಾಗುತ್ತದೆ. ಸದ್ಯಕ್ಕೆ ಪೂರ್ತಿ ಪಾತ್ ಇರಲಿ ಅನ್ನುತ್ತೇನೆ, ಪುಟ ಉದ್ದವಾಗಿದ್ದು ಮೇಲಿಂದ ಕೆಳಗೆ ಓದುವಂಥದ್ದಾದರೆ ಮಾತ್ರ ಚಿಕ್ಕ ರೂಪ.

2030ರ ಗಡುವು

ಈ ಪ್ರಕರಣ 2023ಕ್ಕೆ ಮುಗಿಯಲಿಲ್ಲ. ಡಾಕ್ಯುಮೆಂಟುಗಳು ಸರಿಯಾದ ಮೇಲೆ ಮುಂದಿನ ಹೆಜ್ಜೆ ಇಡಲು ದಾರಿಯಾಯಿತು. 2025ರಲ್ಲಿ, ಟ್ರೇಸ್‌ಎಫ್‌ಎಸ್ ಬಂದು ಹತ್ತು ವರ್ಷ ಆಯಿತು ಅಂತ ಹೇಳಿ, ಹಳೇ ಪಾತ್‌ನಲ್ಲಿ ತಾನಾಗಿ ಮೌಂಟ್ ಆಗುವುದನ್ನು ನಿಲ್ಲಿಸುವ ಕೆಲಸ ಶುರು ಮಾಡಿದರು. ಬೇಡದವರು ಅದನ್ನು ಈಗಲೇ ಬಂದ್ ಮಾಡಲು ಒಂದು ಕಾನ್ಫಿಗ್ ಆಯ್ಕೆ ಬಂತು. ಹಳೇ ಪಾತ್ ಮುಟ್ಟಿದರೆ, ಇದನ್ನು 2030ರಲ್ಲಿ ತೆಗೆಯುತ್ತೇವೆ ಅನ್ನುವ ಎಚ್ಚರಿಕೆ ಕರ್ನಲ್ ಲಾಗ್‌ನಲ್ಲಿ ಬೀಳುತ್ತದೆ. ಡಿಮೆಸೇಜ್ ಕಮಾಂಡ್ ಓಡಿಸಿದರೆ ಕಾಣುತ್ತದೆ.

ಕರ್ನಲ್‌ನ ಸ್ವಂತ ಡಾಕ್ಯುಮೆಂಟುಗಳೇ ಹಳೇ ಪಾತ್ ಹೇಳಿಕೊಡುತ್ತಿದ್ದಾಗ ಬೇರೆಯವರಿಗೆ ಇಂಥ ಎಚ್ಚರಿಕೆ ಕೊಡಲು ಬಾಯಿ ಬರುತ್ತಿತ್ತೇ? ಮೊದಲು ಮನೆಯೊಳಗೆ ಸರಿಯಾಗಬೇಕಿತ್ತು. ಹೊರಗೆ ಇನ್ನೂ ಬೇಕಾದಷ್ಟು ಉಳಿದಿದೆ. ಇಬಿಪಿಎಫ್ (ಮೇಲೆ ಹೇಳಿದ ಬಿಪಿಎಫ್‌ನ ಇನ್ನೊಂದು ಹೆಸರು) ಕಲಿಸುವ ಪಾಠಗಳಲ್ಲಿ ಮೊದಲ ಪ್ರೋಗ್ರಾಂ ಬರೆದ ತಕ್ಷಣ ಓಡಿಸಲು ಹೇಳುವ ಕಮಾಂಡ್ ಹಳೇ ಪಾತ್‌ನ ಟ್ರೇಸ್_ಪೈಪ್ ಅನ್ನು ಕ್ಯಾಟ್ ಮಾಡುವುದು. ಆಫೀಸುಗಳ ಒಳಗಿನ ವಿಕಿ ಪುಟಗಳಲ್ಲಿ, ಕಾಲೇಜಿನ ಲ್ಯಾಬ್ ಹಾಳೆಗಳಲ್ಲಿ, ಯಾರೋ ಬರೆದಿಟ್ಟು ಹೋದ ಶೆಲ್ ಸ್ಕ್ರಿಪ್ಟುಗಳಲ್ಲಿ ಕೂಡ. ನಿಮ್ಮ ಕೈಗೆ ಸಿಗುವುದನ್ನು ಈಗಲೇ ತಿದ್ದಿ, ಡೀಬಗ್‌ಎಫ್‌ಎಸ್=ಆಫ್ ಕೊಟ್ಟ ಒಂದು ವರ್ಚುವಲ್ ಮೆಷಿನ್‌ನಲ್ಲಿ ಓಡಿಸಿ ನೋಡಿ.

ಆ ದಿನ ಬಂದಾಗ ಎಫ್‌ಟ್ರೇಸ್ ಪುಟದ ಆ ಟಿಪ್ಪಣಿಯನ್ನೂ ಮತ್ತೆ ತಿದ್ದಬೇಕಾಗುತ್ತದೆ. ಈಗ ಅದು ಹೊಂದಾಣಿಕೆಗಾಗಿ ತಾನಾಗಿ ಮೌಂಟ್ ಆಗುತ್ತದೆ ಅಂತ ಹೇಳುತ್ತಿದೆ, ಆಗ ಇಂತಿಷ್ಟನೇ ಆವೃತ್ತಿಯ ತನಕ ಮೌಂಟ್ ಆಗುತ್ತಿತ್ತು ಅಂತ ಹೇಳಬೇಕು. ಹಳೇ ಕರ್ನಲ್ ಮೇಲೆ ಓಡುವ ಟೂಲುಗಳಲ್ಲಿ ಹಳೇ ಪಾತ್ ಹುಡುಕುವ ಕೋಡನ್ನು ಮಾತ್ರ ಯಾರೂ ಅವಸರದಲ್ಲಿ ಅಳಿಸಬಾರದು, 4.1ಕ್ಕಿಂತ ಹಿಂದಿನ ಕರ್ನಲ್ ಇಟ್ಟುಕೊಂಡ ಬೋರ್ಡುಗಳಲ್ಲಿ ಟ್ರೇಸಿಂಗ್ ಇರುವುದು ಅಲ್ಲೇ.